ದಾರಿಗೂ ಒಂದು ಹಕ್ಕಿದೆ

ನಮ್ಮ ಮನೆಯ ತಾರಸಿ ಹತ್ತಿ ನೈಋತ್ಯಕ್ಕೆ ನೋಡಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಕಾಣುತ್ತದೆ ಎಂದರೆ ಬಿಸಿಲಿನ ದಿನಗಳಲ್ಲಿ ಮಾತ್ರ. ಆಷಾಢ, ಶ್ರಾವಣದಲ್ಲಿ ಬೆಟ್ಟವಿದ್ದ ಜಾಗದಲ್ಲಿ ಮಂಜೇ ಇರುತ್ತದೆ. ಅದರ ಹೆಸರಿನಲ್ಲಿರುವ ಹಿಮ ಅದೇ. ನಾವು ಚಿಕ್ಕವರಿದ್ದಾಗ ಸಂಜೆ ತಾರಸಿಗೆ ಹೋಗುತ್ತಿದ್ದುದು ಆ ಮಂಜನ್ನು ನೋಡಲಿಕ್ಕೆ. ಈಗಲೂ ಹೋಗುತ್ತೇವೆ. ಆದರೆ ಕಣ್ಣು ಬೆಟ್ಟದ ಕಡೆ ಹೋಗುವುದಿಲ್ಲ, ಕೆಳಗಿನ ರಸ್ತೆಗೆ ಹೋಗುತ್ತದೆ. ಇವತ್ತು ಎಷ್ಟು ಕಾರು ನಿಂತಿವೆ, ನಮ್ಮ ಬೀದಿಯ ಬಾಯಿ ತೆರೆದಿದೆಯೇ ಮುಚ್ಚಿದೆಯೇ ಎಂದು ನೋಡಿಕೊಂಡು ಇಳಿದು ಬರುತ್ತೇವೆ.

ನಾವಿರುವುದು ಗುಂಡ್ಲುಪೇಟೆಯ ಅಂಚಿನಲ್ಲಿ, ಊಟಿಗೆ ಹೋಗುವ ರಸ್ತೆಗೆ ಅಂಟಿಕೊಂಡ ಒಂದು ಬಡಾವಣೆಯಲ್ಲಿ. ಹಿಂದೆ ಹೊಲವಾಗಿದ್ದ ಜಾಗ. ಸೈಟು ಮಾಡಿದವರು ಬೀದಿಗಳನ್ನು ಎತ್ತಿನ ಗಾಡಿಯ ಅಳತೆಗೆ ಬಿಟ್ಟಿದ್ದಾರೆ. ನಮ್ಮ ಬೀದಿಯಲ್ಲಿ ಮುಸ್ಲಿಮರ ಮನೆಗಳಿವೆ, ಲಿಂಗಾಯತರ ಮನೆಗಳಿವೆ, ನಾಯಕರ ಮನೆಗಳಿವೆ, ಎರಡು ಮನೆಗಳಲ್ಲಿ ವಯನಾಡಿನಿಂದ ಬಂದು ನೆಲೆಸಿದ ಕುಟುಂಬಗಳಿವೆ. ಹಬ್ಬಕ್ಕೆ ಪಾಯಸ ಹೋಗುತ್ತದೆ, ಹೋಳಿಗೆ ಬರುತ್ತದೆ. ಜಗಳವೂ ಆಗುತ್ತದೆ. ಹೆಚ್ಚಿನ ಜಗಳ ಆಗುವುದು ಗಾಡಿ ನಿಲ್ಲಿಸುವ ವಿಷಯಕ್ಕೆ.

ನಮ್ಮ ಊರಿನ ಭೂಗೋಳವೇ ಹಾಗಿದೆ. ಮೈಸೂರಿನಿಂದ ಅರವತ್ತು ಕಿಲೋಮೀಟರ್ ಬಂದ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮದ್ದೂರು, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಇನ್ನೊಂದು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರದ ಮೂಲಕ ಗೂಡಲೂರು, ಊಟಿಗೆ ಹೋಗುತ್ತದೆ. ಹಿಂದೆ 212 ಮತ್ತು 67 ಎಂದು ಕರೆಯುತ್ತಿದ್ದ ಈ ಹೆದ್ದಾರಿಗಳಿಗೆ ಈಗ 766 ಮತ್ತು 181 ಎಂಬ ಸಂಖ್ಯೆ. ಬೆಟ್ಟಕ್ಕೆ ಹೋಗುವವರು ಹಂಗಳದಲ್ಲಿ ಬಲಕ್ಕೆ ತಿರುಗುತ್ತಾರೆ. ಹೀಗೆ ಮೂರು ರಾಜ್ಯಗಳ ಪ್ರಯಾಣಿಕರು, ದೇವರ ದರ್ಶನಕ್ಕೆ ಬರುವವರು, ಆನೆ ನೋಡಲು ಬರುವವರು, ತರಕಾರಿ ಲಾರಿಗಳು, ಎಲ್ಲವೂ ನಮ್ಮ ಮನೆಯ ಮುಂದಿನಿಂದಲೇ ಹಾದು ಹೋಗಬೇಕು.

ಇದಕ್ಕೆ ಹೂವೂ ಸೇರಿಕೊಂಡಿದೆ. ನಮ್ಮ ತಾಲೂಕಿನಲ್ಲಿ ಮುಂಗಾರು ಹಿಡಿದ ಮೇಲೆ ಸೂರ್ಯಕಾಂತಿ, ಚೆಂಡು ಹೂ ಅರಳುತ್ತವೆ. ಚೆಂಡು ಹೂವನ್ನು ರೈತರು ಬೆಳೆಯುವುದು ಹೆಚ್ಚಾಗಿ ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ. ಆದರೆ ಹೆದ್ದಾರಿಯ ಎರಡೂ ಕಡೆ ಎಕರೆಗಟ್ಟಲೆ ಹಳದಿ ಹಾಸಿದಂತೆ ಕಾಣುವಾಗ ಯಾರು ತಾನೇ ಕಾರು ನಿಲ್ಲಿಸುವುದಿಲ್ಲ? ಓಣಂಗೆ ಮೊದಲಿನ ವಾರಗಳಲ್ಲಿ ಕೇರಳದ ಕುಟುಂಬಗಳು ಫೋಟೋ ತೆಗೆಸಿಕೊಳ್ಳಲೆಂದೇ ಬರುತ್ತವೆ. ಹೊಲದೊಳಗೆ ಇಳಿಯಲು ರೈತರು ಹತ್ತೋ ಇಪ್ಪತ್ತೋ ರೂಪಾಯಿ ಕೇಳುತ್ತಾರೆ. ಬೆಳೆ ಕೈಕೊಟ್ಟ ವರ್ಷ ಆ ಹಣವೂ ಆಸರೆಯೇ. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರುವುದು ಹೆದ್ದಾರಿಯ ಅಂಚಿನಲ್ಲಿ ಅರ್ಧ ಚಕ್ರ ಮಣ್ಣಿನ ಮೇಲೆ, ಅರ್ಧ ಚಕ್ರ ಟಾರಿನ ಮೇಲೆ ನಿಲ್ಲುವ ಕಾರುಗಳ ಸಾಲಿನಲ್ಲಿ.

ರಾತ್ರಿಯದು ಬೇರೆ ಕಥೆ. 2009ರ ಜೂನ್‌ನಲ್ಲಿ ಆಗಿನ ಜಿಲ್ಲಾಧಿಕಾರಿಗಳು ಮೋಟಾರು ವಾಹನ ಕಾನೂನಿನ ಅಡಿಯಲ್ಲಿ ಬಂಡೀಪುರ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಮುಂದಿನ ತಿಂಗಳು ಹೈಕೋರ್ಟು ಮತ್ತೆ ನಿಷೇಧವನ್ನು ಜಾರಿಗೆ ತಂದಿತು, 2010ರಲ್ಲಿ ಅದನ್ನೇ ಎತ್ತಿ ಹಿಡಿಯಿತು. ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಅದಕ್ಕೆ ಮೊದಲು ರಾತ್ರಿ ಚಕ್ರದಡಿ ಸಿಕ್ಕಿ ಸತ್ತ ಜಿಂಕೆ, ಚಿರತೆಗಳ ಚಿತ್ರ ನೋಡಿದವರು ಈ ನಿಷೇಧ ಬೇಡ ಎನ್ನಲಾರರು. ವಯನಾಡಿನವರಿಗೆ ಇದರಿಂದ ಕಷ್ಟವಾಗಿದೆ ಎಂಬುದೂ ನಿಜ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಅವರು ದೊಡ್ಡ ಹೋರಾಟ ಮಾಡಿದರು. ನಮ್ಮ ಮಟ್ಟಿಗೆ ಇದರ ಪರಿಣಾಮ ಎರಡು. ಒಂಬತ್ತರೊಳಗೆ ಗೇಟು ದಾಟಬೇಕೆಂದು ಎಂಟರಿಂದ ಒಂಬತ್ತರವರೆಗೆ ಕಾರುಗಳು ಊರೊಳಗೆ ಓಡುವ ಓಟ ಒಂದು. ಗೇಟು ತಪ್ಪಿದ ಲಾರಿಗಳು ಬೆಳಗಿನವರೆಗೆ ಜಾಗ ಸಿಕ್ಕಲ್ಲಿ ನಿಲ್ಲುವುದು ಇನ್ನೊಂದು.

ಇಷ್ಟನ್ನೂ ಹೇಳಿದ್ದು ಒಂದು ಸಂಜೆಯ ಮಾತು ಹೇಳಲಿಕ್ಕೆ.

ಅದು ಶ್ರಾವಣದ ಒಂದು ಶನಿವಾರ. ಬೆಟ್ಟಕ್ಕೆ ಅಂದು ಜನವೋ ಜನ. ಓಣಂ ಹತ್ತಿರವಿದ್ದುದರಿಂದ ಹೂವಿನ ಹೊಲಗಳಿಗೂ ಜನ. ಮಗ್ರಿಬ್ ನಮಾಝ್ ಆಗಿ ಸ್ವಲ್ಪ ಹೊತ್ತಾಗಿತ್ತು. ನಮ್ಮ ಅಮ್ಮಿಗೆ ಬಹಳ ವರ್ಷಗಳಿಂದ ಉಬ್ಬಸ. ಅಂದು ಪಂಪು ಎರಡು ಸಲ ಎಳೆದರೂ ಇಳಿಯಲಿಲ್ಲ. ತುಟಿ ಕಪ್ಪಾಗತೊಡಗಿತು. 108ಕ್ಕೆ ಫೋನ್ ಮಾಡಿದೆವು. ಆಂಬ್ಯುಲೆನ್ಸ್ ಬೇಗನೆ ಬಂತು. ಅದರ ಸದ್ದು ನಮಗೆ ಕೇಳುತ್ತಿತ್ತು. ಆದರೆ ಸದ್ದು ನಿಂತಲ್ಲೇ ನಿಂತಿತ್ತು, ಹತ್ತಿರಕ್ಕೆ ಬರಲಿಲ್ಲ. ಓಡಿ ಹೋಗಿ ನೋಡಿದರೆ ಮುಖ್ಯ ರಸ್ತೆಯ ಎರಡೂ ಕಡೆ ಕಾರುಗಳ ಸಾಲು. ಹೇಗೋ ನುಸುಳಿಕೊಂಡು ಬಂದರೂ ನಮ್ಮ ಬೀದಿಯ ಬಾಯಿಗೆ ಅಡ್ಡಲಾಗಿ ಒಂದು ಬಿಳಿ ಕಾರು. ಒಳಗೆ ಯಾರೂ ಇಲ್ಲ.

ಎದುರು ಮನೆಯ ಇಬ್ಬರು ಹುಡುಗರು, ಹಣೆಯ ಮೇಲೆ ಬೆಟ್ಟದಿಂದ ತಂದ ನಾಮ ಇನ್ನೂ ಹಾಗೇ ಇತ್ತು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಅಮ್ಮಿಯನ್ನು ಕೂರಿಸಿ ಎತ್ತಿಕೊಂಡರು. ಕಾರಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡವಾಗಿ ನುಸುಳುವಷ್ಟೇ ಜಾಗ. ಕುರ್ಚಿಯನ್ನು ತಲೆಯ ಮೇಲಕ್ಕೆ ಎತ್ತಿ, ಕಾರಿನ ಬಾನೆಟ್ಟಿನ ಮೇಲೆ ಒರಗಿಸಿ, ಆ ಕಡೆ ನಿಂತವರ ಕೈಗೆ ದಾಟಿಸಿದರು. ತಾಲೂಕು ಆಸ್ಪತ್ರೆ ಮುಟ್ಟುವಾಗ ಅಮ್ಮಿಗೆ ಎಚ್ಚರ ಇದ್ದೂ ಇಲ್ಲದಂತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಏನೂ ಹೇಳುವಂತಿರಲಿಲ್ಲ ಎಂದರು ವೈದ್ಯರು. ಮೂರು ದಿನ ಆಕ್ಸಿಜನ್ ಕೊಟ್ಟರು. ಅಲ್ಲಾಹನ ದಯೆ, ಅಮ್ಮಿ ಮನೆಗೆ ಬಂದರು.

ಬೀದಿಯಲ್ಲಿ ಸಿಟ್ಟು ಎದ್ದಿತ್ತು. ನಮಗಿಂತ ಹೆಚ್ಚಾಗಿ ನೆರೆಯವರಿಗೆ. ಮುಂದಿನ ಭಾನುವಾರ ನಮ್ಮ ಮನೆಯ ಜಗುಲಿಯಲ್ಲೇ ಎಲ್ಲರೂ ಸೇರಿದರು. ನಿವೃತ್ತ ಮೇಷ್ಟ್ರೊಬ್ಬರು ಅರ್ಜಿ ಬರೆಯಲು ಕಾಗದ ಹಿಡಿದು ಕೂತರು.

"ಮೊದ್ಲು ಅದನ್ನೇ ಬರೀರಿ ಮೇಷ್ಟ್ರೇ, ಕೇರಳದ ಗಾಡಿಗಳಿಂದ ನಮಗೆ ಬಾಳ ತೊಂದ್ರೆ ಆಯ್ತಾ ಅದೆ ಅಂತ," ಎಂದ ಒಬ್ಬ ಯುವಕ.

"ಕೇರಳದವರು ಒಬ್ರೇ ಅಲ್ಲ, ಬೆಂಗಳೂರಿನವರೂ ಅವ್ರೆ. ಹೊರಗಿನವರು ಅಂತ ಬರೀರಿ," ಎಂದರು ಇನ್ನೊಬ್ಬರು.

ಮೂಲೆಯಲ್ಲಿ ಕೂತಿದ್ದ ವಯನಾಡು ಮೂಲದ ನೆರೆಯವರು ಚಹಾದ ಲೋಟ ಕೆಳಗಿಟ್ಟರು. ಮಾತಾಡಲಿಲ್ಲ. ಅವರು ಇಲ್ಲಿಗೆ ಬಂದು ಮೂವತ್ತು ವರ್ಷ ಆಗಿದೆ. ಅಂದು ರಾತ್ರಿ ಆಸ್ಪತ್ರೆಯಲ್ಲಿ ನಮ್ಮ ಜೊತೆ ಬೆಳಗಿನವರೆಗೆ ಕೂತಿದ್ದವರು ಅವರೇ. ನಮಗೂ ಬತ್ತೇರಿಯಲ್ಲಿ ನೆಂಟರಿದ್ದಾರೆ. ಹೊರಗಿನವರು ಎಂಬ ಪದ ಕಾಗದದ ಮೇಲೆ ಇಳಿದರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮಂಥವರಿಗೆ ಬೇರೆಯವರಿಗಿಂತ ಸ್ವಲ್ಪ ಬೇಗ ಗೊತ್ತಾಗುತ್ತದೆ. ಇವತ್ತು ನಂಬರ್ ಪ್ಲೇಟು ನೋಡಿ ಹೊರಗಿನವರು ಎಂದರೆ ನಾಳೆ ಟೋಪಿ ನೋಡಿ ಹೊರಗಿನವರು ಎನ್ನುವುದು ಕಷ್ಟವಲ್ಲ. ಇದೆಲ್ಲ ಮನಸ್ಸಿನಲ್ಲಿತ್ತು. ಆದರೂ ನಾವು ಬಾಯಿ ಬಿಡಲಿಲ್ಲ. ಏಕೆಂದರೆ ಬಾಯಿ ಬಿಟ್ಟರೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು.

ಅದನ್ನು ಹೇಳಿದವರು ಅಮ್ಮಿ. ಒಳಗಿನ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಅಲ್ಲಿಂದಲೇ ಕರೆದರು.

"ಮೇಷ್ಟ್ರೇ, ಆ ಬಿಳಿ ಕಾರಿನ ನಂಬರು ಯಾರಾದ್ರೂ ನೋಡಿದ್ರಾ?"

"ಕತ್ತಲಲ್ಲಿ ಯಾರು ನೋಡ್ತಾರೆ ಬೂಬಮ್ಮನವರೇ," ಎಂದರು ಮೇಷ್ಟ್ರು.

"ನಾನು ನೋಡ್ದೆ. ಅದರ ಮೇಲೇ ಅಲ್ವಾ ನನ್ನ ಮಲಗಿಸಿದ್ದು? ಕೆಎ ಹತ್ತು. ನಮ್ಮ ಹುಡುಗಂದೇ."

ಜಗುಲಿ ಒಂದು ಕ್ಷಣ ಸುಮ್ಮನಾಯಿತು. ಕೆಎ 10 ಎಂದರೆ ಚಾಮರಾಜನಗರದ್ದು. ನಮ್ಮ ಚಾಚಾನ ಮಗನ ಕಾರು ಅದು. ಮದುವೆಯ ವಲೀಮಾ ಊಟಕ್ಕೆಂದು ಬಂದವನು, ಬೇರೆಲ್ಲೂ ಜಾಗ ಸಿಗದೆ, ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದು ಬೀದಿಯ ಬಾಯಲ್ಲಿ ನಿಲ್ಲಿಸಿ ಹೋಗಿದ್ದ. ಆ ರಾತ್ರಿ ಆಸ್ಪತ್ರೆಗೆ ಬಂದು ಅಮ್ಮಿಯ ಕಾಲು ಹಿಡಿದು ಅತ್ತಿದ್ದ. ವಿಷಯ ನಮಗೆ ಗೊತ್ತಿತ್ತು. ಒಂದು ವಾರ ನಾವು ಅದನ್ನು ನೆರೆಯವರಿಂದ ಮುಚ್ಚಿಟ್ಟಿದ್ದೆವು. ಬೀದಿ ಕೇರಳದ ಕಾರುಗಳನ್ನು ಬಯ್ಯುವಾಗ ಹೂಂಗುಟ್ಟಿದ್ದೆವು ಕೂಡ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೇಷ್ಟ್ರು ಬರೆದಿದ್ದ ಕಾಗದವನ್ನು ಮಡಿಚಿ ಜೇಬಿಗೆ ಹಾಕಿದರು. ಹೊಸ ಹಾಳೆ ತೆಗೆದರು. "ಹಂಗಾದ್ರೆ ಯಾರ ಗಾಡಿ ಅಂತ ಬರೆಯೋದು ಬ್ಯಾಡ. ಏನು ಮಾಡಿದ್ರೆ ತೊಂದ್ರೆ ಅಂತ ಬರೆಯೋಣ," ಎಂದರು. ಅರ್ಜಿ ಅಲ್ಲಿಗೆ ದಾರಿಗೆ ಬಂತು.

ಅರ್ಜಿ ಹಿಡಿದು ಠಾಣೆಗೆ ಹೋದಾಗ ಅಲ್ಲಿದ್ದ ಅಧಿಕಾರಿ ಕುರ್ಚಿ ಹಾಕಿಸಿ ಕೂರಿಸಿದರು, ಪೂರ್ತಿ ಓದಿದರು. ನಮ್ಮ ಬೇಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಊರಿನ ಜನಕ್ಕೆ ಇದು ಗೊತ್ತಿರಬೇಕಾದ ವಿಷಯವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಅಪಾಯ ಅಥವಾ ಅಡಚಣೆ ಆಗುವಂತೆ ಸಾರ್ವಜನಿಕ ಜಾಗದಲ್ಲಿ ವಾಹನ ಬಿಟ್ಟು ಹೋಗುವುದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ನಿನಂತೆ ತಪ್ಪು. ಅಂಥ ವಾಹನ ಸಂಚಾರಕ್ಕೆ ಅಪಾಯವಾಗಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸರು ಅದನ್ನು ಎಳೆಸಿ ಸಾಗಿಸಬಹುದು, ಖರ್ಚು ಮಾಲೀಕನದು. ಇದು 127ನೇ ಸೆಕ್ಷನ್. ಆದರೆ ವಾಹನ ಎಲ್ಲಿ ನಿಲ್ಲಬಹುದು ಎಂದು ಜಾಗ ಗೊತ್ತುಪಡಿಸುವುದು ಪೊಲೀಸರ ಕೈಯಲ್ಲಿಲ್ಲ. 117ನೇ ಸೆಕ್ಷನ್ನಿನಂತೆ ಅದನ್ನು ಮಾಡಬೇಕಾದದ್ದು ಸರಕಾರ ಅಥವಾ ಅದು ಅಧಿಕಾರ ಕೊಟ್ಟವರು, ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ.

"ನೋಡಿ, ನಿಲ್ಲಿಸಬೇಡಿ ಅಂತ ನಾವು ಓಡಿಸಬಹುದು. ಎಲ್ಲಿ ನಿಲ್ಲಿಸಲಿ ಸಾರ್ ಅಂತ ಅವರು ಕೇಳಿದರೆ ತೋರಿಸೋಕೆ ಒಂದು ಜಾಗ ಬೇಕಲ್ಲ?" ಎಂದರು. ಹೆದ್ದಾರಿಯ ಅಂಚು ಒಬ್ಬರದು, ಊರೊಳಗಿನ ಬೀದಿ ಇನ್ನೊಬ್ಬರದು, ಕಾಡಿನ ಗೇಟು ಮತ್ತೊಬ್ಬರದು. ಒಂದೇ ಅರ್ಜಿಯನ್ನು ಒಬ್ಬರಿಗೇ ಕೊಟ್ಟು ಮನೆಗೆ ಹೋಗಿ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ ಎಂಬುದು ನಮಗೆ ಆಗ ತಿಳಿಯಿತು.

ಎದ್ದು ಬರುವಾಗ ಅವರು ಒಂದು ಮಾತು ಕೇಳಿದರು. ಗದರಿಸುವ ದನಿಯಲ್ಲಲ್ಲ. "ಶನಿವಾರ, ಭಾನುವಾರದ್ದು ಬರೆದಿದ್ದೀರಿ. ಶುಕ್ರವಾರ ಮಧ್ಯಾಹ್ನದ್ದು?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಜುಮಾ ದಿನ ಸುತ್ತಲ ಹಳ್ಳಿಗಳಿಂದ ಜನ ಬರುತ್ತಾರೆ. ಮಸೀದಿಯ ಮುಂದೆ ಬೈಕುಗಳು ಮೂರು ಸಾಲಾಗಿ ನಿಲ್ಲುತ್ತವೆ. ಖುತುಬಾ ಶುರುವಾಯಿತೆಂದು ಓಡಿ ಬಂದವರು ಕೀಲಿ ತೆಗೆದುಕೊಂಡು, ಗಾಡಿಯನ್ನು ರಸ್ತೆಯ ನಡುವೆಯೇ ಬಿಟ್ಟು ಒಳಗೆ ಹೋಗುತ್ತಾರೆ. ಅರ್ಧ ಗಂಟೆ ಆ ರಸ್ತೆ ಯಾರಿಗೂ ಇಲ್ಲ. ಆ ಅರ್ಧ ಗಂಟೆಯಲ್ಲಿ ಬೇರೆ ಯಾರದಾದರೂ ತಾಯಿಗೆ ಉಸಿರು ಕಟ್ಟಿದರೆ? ನಮ್ಮ ಅಮ್ಮಿಗೆ ಕುರ್ಚಿ ಹೊತ್ತವರ ಮನೆಯ ಅಜ್ಜಿಗೇ ಕಟ್ಟಿದರೆ?

ದಾರಿಯ ಬಗ್ಗೆ ನಮ್ಮ ಧರ್ಮ ಹೇಳಿದ್ದು ನಮಗೆ ಗೊತ್ತಿಲ್ಲದ್ದಲ್ಲ. ದಾರಿಯಲ್ಲಿ ಕೂರುವ ಅಭ್ಯಾಸವಿದ್ದ ಸಂಗಾತಿಗಳಿಗೆ ಪ್ರವಾದಿಯವರು (ಸ) ದಾರಿಯ ಹಕ್ಕನ್ನು ದಾರಿಗೆ ಕೊಡಿ ಎಂದ ಪ್ರಸಂಗ ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಆ ಹಕ್ಕುಗಳಲ್ಲಿ ಒಂದು, ದಾರಿಹೋಕರಿಗೆ ತೊಂದರೆ ಕೊಡದಿರುವುದು. ದಾರಿಯಿಂದ ಮುಳ್ಳನ್ನು, ಕಲ್ಲನ್ನು ತೆಗೆದು ಹಾಕುವುದೂ ದಾನವೇ ಎಂದು ಮದರಸಾದಲ್ಲಿ ಚಿಕ್ಕಂದಿನಲ್ಲೇ ಕಲಿಯುತ್ತೇವೆ. ಮುಳ್ಳನ್ನು ತೆಗೆಯುವುದು ದಾನವಾದರೆ ಬೈಕನ್ನು ತಂದು ಇಡುವುದು ಏನು? ಈ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಿರಲಿಲ್ಲ.

ಮಸೀದಿಯ ಕಮಿಟಿಯ ಮುಂದೆ ಮಾತೆತ್ತಿದಾಗ ಎಲ್ಲರೂ ಒಪ್ಪಿದರೆಂದು ಹೇಳಲಾರೆವು. "ವಾರಕ್ಕೆ ಅರ್ಧ ಗಂಟೆ ತಾನೇ? ಅವರ ಮೆರವಣಿಗೆ ಹೊತ್ತಿನಲ್ಲಿ ನಾವು ಅರ್ಧ ದಿನ ಸುಮ್ಮನಿರೋದಿಲ್ವಾ?" ಎಂದರು ಒಬ್ಬ ಹಿರಿಯರು. ಆ ಮಾತಿನಲ್ಲಿ ಸತ್ಯವಿಲ್ಲ ಎನ್ನುವಂತಿರಲಿಲ್ಲ. ಆದರೆ ಇನ್ನೊಬ್ಬರ ತಪ್ಪನ್ನು ತೋರಿಸಿ ನಮ್ಮ ತಪ್ಪಿಗೆ ರಶೀದಿ ಪಡೆಯುವುದು ಯಾವ ನ್ಯಾಯ? ಪೇಶ್ ಇಮಾಮರು ಮುಂದಿನ ಜುಮಾದಲ್ಲಿ ದಾರಿಯ ಹಕ್ಕಿನ ಬಗ್ಗೆಯೇ ಮಾತಾಡಿದರು. ಹತ್ತಿರದಲ್ಲಿ ಖಾಲಿ ಬಿದ್ದಿದ್ದ ಒಂದು ಖಾಸಗಿ ಜಾಗವನ್ನು ಅದರ ಮಾಲೀಕರು, ಅವರು ಮುಸ್ಲಿಮರಲ್ಲ, ಶುಕ್ರವಾರದ ಮಟ್ಟಿಗೆ ಬಿಟ್ಟುಕೊಟ್ಟರು. ಈಗ ನಾಲ್ವರು ಹುಡುಗರು ಸರದಿಯ ಮೇಲೆ ನಿಂತು ಬೈಕುಗಳನ್ನು ಅಲ್ಲಿಗೆ ಕಳಿಸುತ್ತಾರೆ. ಬಿಳಿ ಕಾರಿನ ನಮ್ಮ ಹುಡುಗ ಅವರಲ್ಲಿ ಒಬ್ಬ. ಅವನಿಗೆ ಯಾರೂ ಹೇಳಲಿಲ್ಲ, ತಾನೇ ಬಂದು ನಿಂತ.

ಅದಾದ ಮೇಲೆ ನಮ್ಮ ಅರ್ಜಿಗೆ ಬೇರೆ ಬಲ ಬಂತು. ಅರ್ಜಿಯಲ್ಲಿ ಈಗ ಐದು ಅಂಶಗಳಿದ್ದವು. ಬೀದಿಗಳ ಬಾಯಲ್ಲಿ ವಾಹನ ನಿಲ್ಲಿಸದಂತೆ ಫಲಕ ಮತ್ತು ಹಳದಿ ಗೆರೆ. ವಾರಾಂತ್ಯಕ್ಕೆ ಬರುವ ಕಾರುಗಳಿಗೆ ಗೊತ್ತಾದ ಒಂದು ಜಾಗ ಮತ್ತು ಅದಕ್ಕೆ ಕನ್ನಡ, ಮಲಯಾಳಂ, ತಮಿಳಿನಲ್ಲಿ ದಾರಿ ತೋರಿಸುವ ಬೋರ್ಡು. ರಾತ್ರಿ ಎಂಟರಿಂದ ಒಂಬತ್ತರವರೆಗೆ ವೇಗ ತಡೆಯಲು ಬ್ಯಾರಿಕೇಡು. ಗೇಟು ತಪ್ಪಿದ ಲಾರಿಗಳಿಗೆ ಮನೆಗಳಿಂದ ದೂರದಲ್ಲಿ, ನೀರು ಮತ್ತು ಶೌಚಾಲಯ ಇರುವ ತಂಗುವ ಜಾಗ. ಹೊಲಗಳ ಅಂಚಿನಲ್ಲಿ ಕುಡಿದು ಬಾಟಲಿ ಒಡೆಯುವವರ ಮೇಲೆ ರಾತ್ರಿ ಗಸ್ತು. ಕೊನೆಯದನ್ನು ಸೇರಿಸಿದವರು ಹೊಲದಲ್ಲಿ ಹೂ ಬಿಡಿಸುವ ಹೆಂಗಸರು. ಬರಿಗಾಲಲ್ಲಿ ಗಾಜು ತುಳಿಯುವವರು ಅವರೇ ಅಲ್ಲವೇ? ಐದರಲ್ಲಿ ಎಲ್ಲಿಯೂ ಯಾವ ಊರಿನ, ಯಾವ ರಾಜ್ಯದ ಹೆಸರಿಲ್ಲ. ವಯನಾಡು ಮೂಲದ ನೆರೆಯವರ ಸಹಿ ಮೂರನೆಯದು.

ಅರ್ಜಿ ಕೊಡುವುದೆಂದರೆ ಬೇಡುವುದು ಎಂದು ನಮ್ಮ ಜನ ತಿಳಿಯುತ್ತಾರೆ. ಇದೇ ಗುಂಡ್ಲುಪೇಟೆಯ ಮಣ್ಣಿನ ಮಗ ಅಬ್ದುಲ್ ನಝೀರ್ ಸಾಬ್ ಅದನ್ನು ಒಪ್ಪುತ್ತಿರಲಿಲ್ಲ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡರು. ಅದಕ್ಕಿಂತ ದೊಡ್ಡ ಕೆಲಸ 1983ರ ಕಾಯ್ದೆ. 1987ರಲ್ಲಿ ಅದರಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. ನಿನ್ನ ಬೀದಿಯ ವಿಷಯವನ್ನು ಬೆಂಗಳೂರಿನಲ್ಲಿ ಕೂತವರು ತೀರ್ಮಾನಿಸಬಾರದು, ನೀನೇ ಕೂತು ತೀರ್ಮಾನಿಸು ಎಂಬುದು ಅದರ ಅರ್ಥ. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರ ಹೆಸರಿದೆ. ಅವರ ಊರಿನವರಾದ ನಾವು ಬೀದಿಯ ವಿಷಯವನ್ನು ಕೂತು ಮಾತಾಡಲು ಅಮ್ಮಿಯ ಉಸಿರು ಕಟ್ಟುವವರೆಗೆ ಕಾಯಬೇಕಾಯಿತು.

ಏನಾಯಿತು ಎಂದು ಓದುಗರು ಕೇಳಬಹುದು. ಫಲಕ ಬಂದಿದೆ, ಹಳದಿ ಗೆರೆಯೂ ಬಂದಿದೆ, ಮಳೆಗೆ ಅರ್ಧ ಅಳಿಸಿದೆ. ವಾರಾಂತ್ಯದ ಸಂಜೆಗಳಲ್ಲಿ ಬ್ಯಾರಿಕೇಡು ಇಡುತ್ತಾರೆ. ಕಾರು ನಿಲ್ಲುವ ಜಾಗ, ಲಾರಿ ತಂಗುವ ಜಾಗ ಇನ್ನೂ ಕಾಗದದ ಮೇಲಿವೆ. 2025ರ ಜುಲೈನಲ್ಲಿ ರಾಜ್ಯದಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಶುರುವಾಯಿತಲ್ಲ, ಬೀಟಿನ ಪೊಲೀಸರು ಮನೆಗೇ ಬಂದು ಕುಂದುಕೊರತೆ ಕೇಳುವುದು, ಅದರಲ್ಲಿ ನಮ್ಮ ಮನೆಗೂ ಒಬ್ಬ ಪೇದೆ ಬಂದರು. ಅಮ್ಮಿ ಅವರಿಗೆ ಚಹಾ ಕೊಟ್ಟು ಐದೂ ಅಂಶಗಳನ್ನು ಬಾಯಿಪಾಠ ಒಪ್ಪಿಸಿದರು. ಓದಲು ಬಾರದ ಅಮ್ಮಿಗೆ ಅರ್ಜಿಯ ಸಾಲು ಸಾಲು ನೆನಪಿದೆ. "ಬರ್ಕೊಂಡ್ಯಾ ಮಗಾ?" ಎಂದು ಕೇಳಿ, ಅವರು ಬರೆದುಕೊಂಡದ್ದನ್ನು ಓದಿಸಿ ಕೇಳಿದ ಮೇಲೇ ಬಿಟ್ಟದ್ದು.

ಕಳೆದ ಸಲ ಮಂಜು ಬಿದ್ದ ಒಂದು ದಿನ ನಾವೆಲ್ಲ ಬೆಟ್ಟಕ್ಕೆ ಹೋದೆವು. ಕುರ್ಚಿ ಹೊತ್ತ ಹುಡುಗರ ಮನೆಯವರೂ ಇದ್ದರು. ಬೆಟ್ಟ ಸಮುದ್ರ ಮಟ್ಟದಿಂದ 1454 ಮೀಟರ್ ಎತ್ತರದಲ್ಲಿದೆ. ಮೇಲಿನ ವೇಣುಗೋಪಾಲಸ್ವಾಮಿ ದೇವಾಲಯ ಹೊಯ್ಸಳರ ಕಾಲದ್ದು ಎನ್ನುತ್ತಾರೆ. ಸುತ್ತ ಹುಲಿ ಸಂರಕ್ಷಿತ ಕಾಡು. ಒಂದು ಕಾಲದಲ್ಲಿ ಕಾರುಗಳು ನೇರ ಗುಡಿಯ ಮೆಟ್ಟಿಲವರೆಗೂ ಹೋಗುತ್ತಿದ್ದವು. ಈಗ ಖಾಸಗಿ ವಾಹನಕ್ಕೆ ಮೇಲೆ ಬಿಡುವುದಿಲ್ಲ. ಎಲ್ಲರೂ ಬುಡದಲ್ಲೇ ಗಾಡಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ದೊಡ್ಡ ಕಾರಿನವರೂ ಅದೇ ಬಸ್ಸು, ಬೈಕಿನವರೂ ಅದೇ ಬಸ್ಸು. ಅಲ್ಲಿ ನಂಬರ್ ಪ್ಲೇಟು ನೋಡುವುದಿಲ್ಲ, ಯಾವ ರಾಜ್ಯ ಎಂದು ಕೇಳುವುದಿಲ್ಲ. ಮೊದಮೊದಲು ಜನ ಗೊಣಗಿದ್ದರು. ಈಗ ಅದು ಅಭ್ಯಾಸ. ಶ್ರಾವಣ ಶನಿವಾರಗಳಲ್ಲಿ ಕ್ಯೂ ಉದ್ದ ಇರುತ್ತದೆ ಅಷ್ಟೆ.

ನಿಯಮ ಇದ್ದರೆ ಸಾಲದು, ಅದನ್ನು ಮುರಿಯುವವರು ಇದ್ದೇ ಇರುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾಡಾನೆಯ ಚಿತ್ರ ತೆಗೆಯಲು ಇಳಿದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿದ ದೃಶ್ಯವನ್ನು ಎಲ್ಲರೂ ನೋಡಿದ್ದೇವೆ. ಅವರು ಬದುಕಿದ್ದೇ ದೊಡ್ಡದು. ಅವರೂ ದೂರದವರೇನಲ್ಲ, ಪಕ್ಕದ ನಂಜನಗೂಡಿನ ಕಡೆಯವರು. ಕೇರಳದವರೇ ಇಳಿಯುತ್ತಾರೆ ಎಂದು ನಾವು ಹೇಳುತ್ತಿದ್ದ ಮಾತು ಅಲ್ಲೂ ನಿಲ್ಲಲಿಲ್ಲ.

ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕಲ್ಪೆಟ್ಟದ ಕಡೆಯ ಒಂದು ಕುಟುಂಬ ಕೂತಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. 2024ರ ಜುಲೈಯಲ್ಲಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ನಮ್ಮ ಊರಿನ ದಾರಿಯಾಗಿ ಅಕ್ಕಿ, ಬಟ್ಟೆ ತುಂಬಿದ ಗಾಡಿಗಳು ಹೋದದ್ದನ್ನು ಆ ಹೆಂಗಸು ನೆನೆಸಿಕೊಂಡರು. ಅವರ ನೆಂಟರ ಪೈಕಿ ಒಂದು ಮನೆಯೇ ಹೋಗಿದೆಯಂತೆ. ಮಕ್ಕಳು ಅದಾದ ಮೇಲೆ ಗುಡ್ಡ ಕಂಡರೆ ಹೆದರುತ್ತಿದ್ದರಂತೆ. ಹೆದರಿಕೆ ಬಿಡಿಸಲು ಹೂ ತೋರಿಸುತ್ತೇವೆ ಎಂದು ಕರೆತಂದಿದ್ದರು. ರಸ್ತೆಯಲ್ಲಿ ನಿಂತ ಕಾರುಗಳನ್ನು ತಾರಸಿಯಿಂದ ಎಣಿಸುವಾಗ ಅದರೊಳಗೆ ಇಂಥವರೂ ಇರುತ್ತಾರೆ ಎಂದು ನಮಗೆ ಎಂದೂ ಹೊಳೆದಿರಲಿಲ್ಲ.

ಇಳಿದು ಬರುವಾಗ ಗಂಡ ನಮ್ಮನ್ನು ಕೇಳಿದರು: "ಊರಿನಲ್ಲಿ ಸ್ವಲ್ಪ ಸಾಮಾನು ತೆಗೆದುಕೊಳ್ಳಬೇಕು. ಒಂಬತ್ತರೊಳಗೆ ಗೇಟು ದಾಟಬೇಕು. ಕಾರು ಎಲ್ಲಿ ನಿಲ್ಲಿಸಿದರೆ ಯಾರಿಗೂ ತೊಂದರೆ ಆಗುವುದಿಲ್ಲ?"

ಇಷ್ಟು ವರ್ಷ ಇದೇ ರಸ್ತೆಯ ಪಕ್ಕದಲ್ಲಿದ್ದೇವೆ, ಎಷ್ಟೋ ಅರ್ಜಿ ಬರೆದಿದ್ದೇವೆ. ಈ ಪ್ರಶ್ನೆಯನ್ನು ನಮಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಅಥವಾ ಕೇಳುವಷ್ಟು ಹತ್ತಿರ ನಾವು ಯಾರನ್ನೂ ಬಿಟ್ಟುಕೊಂಡಿರಲಿಲ್ಲವೇನೋ. ಶುಕ್ರವಾರ ನಮ್ಮ ಬೈಕುಗಳು ನಿಲ್ಲುವ ಆ ಖಾಲಿ ಜಾಗ ನೆನಪಾಯಿತು. ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿದೆವು. "ನಿಲ್ಲಿಸ್ಕೊಳ್ಲಿ ಬುಡಿ ಸಾಬ್ರೇ, ಇವತ್ತು ಖಾಲಿನೇ ಅದೆ," ಎಂದರು. ನಮ್ಮ ಗಾಡಿ ಮುಂದೆ, ಅವರ ಕಾರು ಹಿಂದೆ. ಹಂಗಳ ದಾಟಿ, ಹೂವಿನ ಹೊಲಗಳನ್ನು ದಾಟಿ, ನಮ್ಮ ಬೀದಿಯ ಬಾಯನ್ನೂ ದಾಟಿ ಕರೆದುಕೊಂಡು ಹೋಗಿ ಜಾಗ ತೋರಿಸಿದೆವು.

ಮನೆಗೆ ಬಂದು ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ ಮಾತು: "ಮಕ್ಕಳಿಗೆ ಏನಾದ್ರೂ ತಿನ್ನೋಕೆ ಕೊಟ್ರಾ, ಇಲ್ವಾ?"